ಭೋಜಪುರದ ಖುಕುರಿಗೆ ಬೀಟೆಯ ಹಿಡಿ

ರಿಪೇರಿಗೆ ಬಂದದ್ದು ಒಂದು ಹಳೆಯ ಖುಕುರಿ, ನೇಪಾಳದ ಬಾಗಿದ ಕತ್ತಿ. ಅಲಗಿನ ಉದ್ದ ಹನ್ನೊಂದು ಇಂಚಿಗೆ ಒಂದು ಗುಲಗಂಜಿ ಹೆಚ್ಚು. ಬೆನ್ನಿನ ದಪ್ಪ ಹಿಡಿಯ ಬಳಿ 9 ಮಿಲಿಮೀಟರ್, ಮೊನೆಯ ಹತ್ತಿರ 3. ಒರೆಯಿಲ್ಲದೆ ತೂಗಿದರೆ 560 ಗ್ರಾಂ. ಹಿಡಿ ಎಮ್ಮೆ ಕೊಂಬಿನದು. ಹುಳು ತಿಂದು ಅಲ್ಲಲ್ಲಿ ಗುಳಿ ಬಿದ್ದಿದೆ, ಒಂದು ಮಗ್ಗುಲಿನಲ್ಲಿ ಉದ್ದಕ್ಕೆ ಸೀಳಿದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಅಲಗು ಲೊಟಲೊಟ ಎನ್ನುತ್ತದೆ. ಒರೆಯ ಹೊಲಿಗೆ ಬಿಟ್ಟಿದೆ. ಖುಕುರಿಯ ಬೆನ್ನಿಗೆ ಒರೆಯಲ್ಲಿ ಎರಡು ಸಣ್ಣ ಉಪಕರಣಗಳಿರುತ್ತವೆ. ಒಂದು ಕಾರ್ದಾ ಎಂಬ ಪುಟ್ಟ ಚಾಕು, ಇನ್ನೊಂದು ಚಕಮಕ್ ಎಂಬ ಹರಿತವಿಲ್ಲದ ಉಕ್ಕಿನ ತುಂಡು. ಇಲ್ಲಿ ಚಕಮಕ್ ಉಳಿದಿದೆ, ಕಾರ್ದಾ ಕಳೆದುಹೋಗಿದೆ.

ಕತ್ತಿಯ ಒಡೆಯರು ನಮ್ಮ ಬಡಾವಣೆಯ ಹೋಟೆಲೊಂದರಲ್ಲಿ ಅಡುಗೆ ಮಾಡುವವರು, ಪೂರ್ವ ನೇಪಾಳದ ಭೋಜಪುರ ಜಿಲ್ಲೆಯ ಬೆಟ್ಟದೂರಿನವರು. ವಯಸ್ಸಿನಲ್ಲಿ ನನಗಿಂತ ಹಿರಿಯರು, ದಾಯಿ ಎಂದೇ ಕರೆಯುತ್ತೇನೆ, ನೇಪಾಳಿಯಲ್ಲಿ ಅಣ್ಣ ಎಂದರ್ಥ. ಖುಕುರಿ ಅವರ ತಂದೆಯ ಕಾಲದ್ದು. ದಶೈಂ ಹಬ್ಬಕ್ಕೆ ಊರಿಗೆ ಹೋಗುವಾಗ ಸರಿಮಾಡಿಸಿಕೊಂಡು ಒಯ್ಯಬೇಕೆಂದು ಅವರ ಆಸೆ. "ಒಳ್ಳೆಯ ಅಂಟು ಹಾಕಿ ಕೂರಿಸಿಬಿಡಿ ಸರ್, ಸಾಕು" ಎಂದರು.

ಎರಡು ಕೊಳವೆಗಳಲ್ಲಿ ಬಂದು ಬೆರೆಸಿದ ಮೇಲೆ ಕಲ್ಲಾಗುವ ಅಂಟು ನನ್ನ ಹತ್ತಿರ ಇಲ್ಲದಿಲ್ಲ. ಹಾಕಿದರೆ ಹತ್ತು ನಿಮಿಷದ ಕೆಲಸ. ಆದರೆ ಆ ಅಂಟು ಹಾಕಿದ ಹಿಡಿಯನ್ನು ಮುಂದೆ ಯಾರಾದರೂ ಬಿಚ್ಚಬೇಕೆಂದರೆ ಒಡೆದೇ ಬಿಚ್ಚಬೇಕು. ಈ ಕತ್ತಿಯನ್ನು ಮಾಡಿದವನು ಹಾಗೆ ಮಾಡಿರಲಿಲ್ಲ. ಅವನು ಮಾಡಿದ ರೀತಿಯಲ್ಲೇ ಮರಳಿ ಕೂರಿಸುತ್ತೇನೆ, ಸ್ವಲ್ಪ ತಡವಾಗುತ್ತದೆ ಎಂದೆ. ದಾಯಿ ಒಪ್ಪಿದರು, ಹೆಚ್ಚು ನಂಬಿಕೆಯಿಂದಲ್ಲ.

ಬಿಚ್ಚುವುದು

ಹಿಡಿಯ ಹಿಂತುದಿಯಲ್ಲಿ ಹಿತ್ತಾಳೆಯ ಮುಚ್ಚಳ, ಅದರ ನಡುವೆ ವಜ್ರಾಕಾರದ ಸಣ್ಣ ಬಿಲ್ಲೆ. ಅಲಗಿನ ಹಿಂಭಾಗ ಸಣ್ಣಗಾಗುತ್ತ ಬಾಲದ ಹಾಗೆ ಹಿಡಿಯೊಳಗೆ ಪೂರ್ತಿ ಹಾಯ್ದು ಈ ಬಿಲ್ಲೆಯ ತೂತಿನಿಂದ ಹೊರಗೆ ಇಣುಕುತ್ತದೆ. ಆ ತುದಿಯನ್ನು ಸುತ್ತಿಗೆಯಿಂದ ಬಡಿದು ಅಗಲಿಸಿ ಬಿಗಿದಿದ್ದಾರೆ. ಅಗಲಿಸಿದ ಅಂಚನ್ನಷ್ಟೇ ಸಣ್ಣ ಅರದಿಂದ ತಿಕ್ಕಿ ತೆಗೆದೆ. ಬಿಲ್ಲೆ ಮತ್ತು ಮುಚ್ಚಳ ಕೈಗೆ ಬಂದವು. ಎರಡನ್ನೂ ಡಬ್ಬಿಯಲ್ಲಿ ಎತ್ತಿಟ್ಟೆ; ಮತ್ತೆ ಬೇಕಾಗುತ್ತವೆ.

ಒಳಗಿರುವುದು ಲಾಹಾ. ನಮ್ಮ ಭಾಗದ ಕತ್ತಿ, ಕುಡುಗೋಲುಗಳ ಹಿಡಿಗೆ ತುಂಬುವ ಅರಗಿನ ಬಳಗಕ್ಕೇ ಸೇರಿದ್ದು. ಬಿಸಿಗೆ ಮೆತ್ತಗಾಗುತ್ತದೆ, ತಣಿದರೆ ಗಟ್ಟಿಯಾಗುತ್ತದೆ. ಹಾಗಾಗಿ ಬಿಚ್ಚಲು ಕುದಿಯುವ ನೀರೇ ಸಾಕು. ಅಲಗನ್ನು ಮೇಲೆ ಮಾಡಿ, ಹಿಡಿಯನ್ನು ಮಾತ್ರ ಕುದಿಯುವ ನೀರಿನ ಪಾತ್ರೆಯಲ್ಲಿ ಇಳಿಸಿ ಕಾಲು ಗಂಟೆ ಬಿಟ್ಟೆ. ಆಮೇಲೆ ಅಲಗಿಗೆ ಗೋಣಿಪಟ್ಟೆ ಸುತ್ತಿ ಹಿಡಿದು ಎಳೆದರೆ ಹಿಡಿ ಸದ್ದಿಲ್ಲದೆ ಜಾರಿತು. ಈ ಕೆಲಸಕ್ಕೆ ಗ್ಯಾಸ್ ದೀಪದ ಉರಿ ಹಿಡಿಯುವವರನ್ನು ಕಂಡಿದ್ದೇನೆ, ದಯವಿಟ್ಟು ಬೇಡ. ನೀರು 100 ಡಿಗ್ರಿ ದಾಟುವುದಿಲ್ಲ, ಅಷ್ಟು ಕಾವಿಗೆ ಉಕ್ಕಿನ ಹದ ಕೆಡುವುದಿಲ್ಲ. ದೀಪದ ಉರಿಗೆ ಅಂಥ ಮಿತಿಯಿಲ್ಲ. ಅಲಗು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಆ ಜಾಗದ ಗಡಸು ಹೋಯಿತು ಎಂದೇ ಅರ್ಥ.

ಹೊರಬಂದ ಬಾಲಕ್ಕೆ ಕಪ್ಪು ಲಾಹಾ ಅಂಟಿಕೊಂಡಿತ್ತು. ಉಗುರಿನಿಂದ ಮುರಿದು ಬಿಳಿ ಕಾಗದದ ಮೇಲೆ ಪುಡಿಮಾಡಿದರೆ ಒಳಗೆ ಕೆಂಪು ಕಣಗಳು, ಇಟ್ಟಿಗೆ ಪುಡಿಯ ಬಣ್ಣದವು. ಕೊಂಬಿನ ತೂತಿನ ಒಳಗೋಡೆ ಸುಟ್ಟು ಕರಿಯಾಗಿತ್ತು. ಬಾಲವನ್ನು ಕಾಯಿಸಿ ಕೊಂಬಿನೊಳಗೆ ಒತ್ತಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬಾಲದ ಆಕಾರಕ್ಕೆ ತೂತು ತಾನಾಗಿ ಆಗಿದೆ. ಡ್ರಿಲ್ ಯಂತ್ರದಿಂದ ಕೊರೆದ ಉರುಟು ತೂತಿನಲ್ಲಿ ಚಪ್ಪಟೆ ಬಾಲಕ್ಕೆ ಆ ಬಿಗಿ ಸಿಗುವುದಿಲ್ಲ.

ತುಕ್ಕು, ಅರ, ವಿನೆಗರ್

ತುಕ್ಕಿಗೆ ಸೀಮೆಎಣ್ಣೆ ಮತ್ತು ನವಿರಾದ ಉಕ್ಕಿನ ನಾರು. ಕೆಂಪು ತುಕ್ಕು ಹೋಗಬೇಕು, ವರ್ಷಗಟ್ಟಲೆ ಕೂತ ಕಪ್ಪು ಪದರ ಉಳಿಯಬೇಕು. ಹೊಳಪಿನ ಮೋಹಕ್ಕೆ ಬಿದ್ದು ಸಾಣೆಯಂತ್ರಕ್ಕೆ ಕೊಟ್ಟರೆ ಸುತ್ತಿಗೆಯ ಗುರುತುಗಳೂ ಅಳಿಸಿಹೋಗುತ್ತವೆ. ಕಿಟಕಿಯ ಬೆಳಕಿಗೆ ಅಲಗನ್ನು ಓರೆ ಹಿಡಿದರೆ ಬೆನ್ನಿನ ಕೆಳಗೆ ಸಾಲಾಗಿ ಸಣ್ಣ ತಗ್ಗುಗಳು ಕಾಣುತ್ತವೆ. ಮೊನೆಯ ಕಡೆ ಅವು ಹತ್ತಿರ ಹತ್ತಿರ, ಹಿಡಿಯ ಕಡೆ ದೂರ ದೂರ. ಅಲಗು ತೆಳುವಾಗುತ್ತ ಹೋದಂತೆ ಪೆಟ್ಟು ಹಗುರ ಮಾಡಿ ಹೆಚ್ಚು ಸಲ ಬಡಿದಿದ್ದಾರೆ ಎಂದು ನಾನು ಓದಿಕೊಂಡೆ.

ಮುಂದಿನದು ಅರದ ಪರೀಕ್ಷೆ. ಹೊಸ ಸಣ್ಣ ಅರವನ್ನು ಹಗುರವಾಗಿ ತಾಗಿಸಿದರೆ ಮೆದು ಉಕ್ಕನ್ನು ಅದು ಕಚ್ಚುತ್ತದೆ, ಗಡಸು ಉಕ್ಕಿನ ಮೇಲೆ ಜಾರುತ್ತದೆ. ಬೆನ್ನಿನ ಮೇಲೆ ಎಲ್ಲಿ ಇಟ್ಟರೂ ಕಚ್ಚಿತು. ಬಾಯಿಯ, ಎಂದರೆ ಹರಿತದ ಅಂಚಿನ, ಉದ್ದಕ್ಕೆ ನೋಡಿದರೆ, ಹಿಡಿಯ ಬಳಿ ಬಾಯಿಯ ಬುಡದಲ್ಲಿ ಕೊರೆದಿರುವ ಸಣ್ಣ ಕಚ್ಚಿನಿಂದ ಸುಮಾರು ಎರಡೂವರೆ ಇಂಚಿನವರೆಗೆ ಅರ ಕಚ್ಚಿತು. ಅಲ್ಲಿಂದ ಮುಂದೆ, ಅಲಗು ಅಗಲವಾಗಿ ಹೊಟ್ಟೆ ಬಿಟ್ಟಿರುವ ಭಾಗದಲ್ಲಿ, ಪೂರ್ತಿ ಜಾರಿತು. ಮೊನೆಯ ಕೊನೆಯ ಒಂದೂವರೆ ಇಂಚಿನಲ್ಲಿ ಮತ್ತೆ ಕಚ್ಚಿತು. ಕಡಿಯುವಾಗ ಪೆಟ್ಟು ಬೀಳುವುದು ಹೊಟ್ಟೆಯ ಭಾಗದಿಂದ, ಅಲ್ಲಿ ಮಾತ್ರ ಗಡಸು ಬೇಕು. ಮೊನೆ ಕಲ್ಲಿಗೆ ತಾಗಿದರೆ ಮುರಿಯದೆ ಬಾಗಬೇಕು. ಬೆನ್ನು ಪೆಟ್ಟಿನ ಆಘಾತವನ್ನು ನುಂಗಬೇಕು. ಒಂದೇ ಉಕ್ಕಿನ ಪಟ್ಟಿಯಲ್ಲಿ ಇಷ್ಟೂ ಇದೆ.

ಇದು ಹೇಗೆ ಆಗುತ್ತದೆ ಎಂಬುದನ್ನು ದಾಯಿ ಬಾಲ್ಯದಲ್ಲಿ ಆರನ್ನಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕಂಡವರು. ಆರನ್ ಎಂದರೆ ಅಲ್ಲಿಯ ಕುಲುಮೆ. ಬೇಕಾದ ಉಕ್ಕು ಹೆಚ್ಚಾಗಿ ಲಾರಿ, ಬಸ್ಸುಗಳ ಹಳೆಯ ಸ್ಪ್ರಿಂಗ್ ಪ್ಲೇಟು. ಇಂಗಾಲ ಶೇಕಡಾ 0.6ರ ಆಸುಪಾಸು ಇರುವ ಈ ಉಕ್ಕನ್ನು ನಮ್ಮ ಮಲೆನಾಡಿನ ಕಮ್ಮಾರರೂ ಕತ್ತಿಗೆ ಬಳಸುತ್ತಾರೆ. ಇದ್ದಿಲ ಬೆಂಕಿಯಲ್ಲಿ ಕಾಯಿಸಿ, ಒಬ್ಬರು ಇಕ್ಕಳ ಹಿಡಿದು, ಇನ್ನಿಬ್ಬರು ಚಮ್ಮಟಿಗೆ ಬೀಸಿ ಆಕಾರ ತರುತ್ತಾರೆ. ಅರ, ಉಜ್ಜುವಿಕೆ ಎಲ್ಲ ಮುಗಿದ ಮೇಲೆ ಹದ. ಅಲಗನ್ನು ಮತ್ತೆ ಕೆಂಪಗೆ ಕಾಯಿಸಿ, ಚಹಾ ಕಾಯಿಸುವ ಕೆಟಲಿನ ಮೂತಿಯಿಂದ ಬಾಯಿಯ ಉದ್ದಕ್ಕೆ ಸಣ್ಣ ಧಾರೆಯಾಗಿ ನೀರು ಬಿಡುತ್ತಾರೆ. ನೀರು ತಾಗಿದ ಬಾಯಿ ಥಟ್ಟನೆ ತಣಿದು ಗಡಸಾಗುತ್ತದೆ. ದಪ್ಪನೆಯ ಬೆನ್ನಿನಲ್ಲಿ ಉಳಿದ ಕಾವು ಆಮೇಲೆ ನಿಧಾನವಾಗಿ ಬಾಯಿಗೆ ಇಳಿದು ಅದರ ಪೆಡಸುತನವನ್ನು ತಕ್ಕಮಟ್ಟಿಗೆ ಇಳಿಸುತ್ತದೆ. ಕಾರ್ಖಾನೆಗಳು ಎಣ್ಣೆಯ ತೊಟ್ಟಿ, ವಿದ್ಯುತ್ ಒಲೆ, ಉಷ್ಣಮಾಪಕ ಇಟ್ಟುಕೊಂಡು ಎರಡು ಹಂತದಲ್ಲಿ ಮಾಡುವ ಕೆಲಸ ಇಲ್ಲಿ ಒಂದು ಕೆಟಲಿನಲ್ಲಿ, ಒಂದೇ ಉಸಿರಿನಲ್ಲಿ ಮುಗಿಯುತ್ತದೆ. ಕಣ್ಣು ಮತ್ತು ಮಣಿಕಟ್ಟು ಬಿಟ್ಟರೆ ಅಳೆಯಲು ಬೇರೆ ಏನೂ ಇಲ್ಲ. ಮಬ್ಬುಗತ್ತಲ ಕುಲುಮೆಯಲ್ಲೇ ಉಕ್ಕಿನ ಬಣ್ಣ ಸರಿಯಾಗಿ ತಿಳಿಯುವುದು. ಬಿಸಿಲಿನಲ್ಲಿ ಕಾದ ಕಬ್ಬಿಣ ಇರುವುದಕ್ಕಿಂತ ಮಂಕಾಗಿ ಕಂಡು ಮೋಸ ಮಾಡುತ್ತದೆ.

ಹತ್ತಿಗೆ ವಿನೆಗರ್ ಅದ್ದಿ ಅಲಗಿಗೆ ಸವರಿ ಸ್ವಲ್ಪ ಹೊತ್ತು ಬಿಟ್ಟು ತೊಳೆದೆ. ಹದದ ಗಡಿ ಬೂದುಬಣ್ಣದ ಅಲೆಗೆರೆಯಾಗಿ ಮೂಡಿತು. ಅಲಗಿನ ಬಲಮಗ್ಗುಲಿನಲ್ಲಿ ಗೆರೆ ಬಾಯಿಯಿಂದ ಬೆರಳಗಲ ಮೇಲಿದೆ, ಎಡಮಗ್ಗುಲಿನಲ್ಲಿ ಅದರ ಅರ್ಧಕ್ಕೇ ನಿಂತಿದೆ. ನೀರು ಬಿಡುವಾಗ ಅಲಗು ತುಸು ವಾಲಿತ್ತೋ, ಒಂದು ಕಡೆಯಿಂದಲೇ ಹೆಚ್ಚು ನೀರು ಬಿತ್ತೋ. ಎಷ್ಟೋ ದಶಕಗಳ ಹಿಂದೆ ಒಬ್ಬ ಕಮ್ಮಾರ ಕೆಟಲನ್ನು ಯಾವ ಕೋನದಲ್ಲಿ ಹಿಡಿದಿದ್ದ ಎಂಬುದು ನನ್ನ ಮೇಜಿನ ಮೇಲೆ ಹೀಗೆ ದಾಖಲಾಗಿ ಕೂತಿತ್ತು. ಆ ಸಂಜೆ ಬೇರೆ ಕೆಲಸ ಮಾಡಲಿಲ್ಲ.

ಮಾಡಿದವರ ಮಾತು

ಖುಕುರಿ ಎಂದರೆ ನಮ್ಮಲ್ಲಿ ಎಲ್ಲರಿಗೂ ನೆನಪಾಗುವುದು ಗೋರ್ಖಾ ಸೈನಿಕ. ತಪ್ಪಲ್ಲ. ನೇಪಾಳದೊಂದಿಗೆ 1814ರಿಂದ 1816ರವರೆಗೆ ನಡೆದ ಯುದ್ಧದಲ್ಲಿ ಬ್ರಿಟಿಷರು ಎದುರಿಸಿದ ಆಯುಧ ಅದು. ಯುದ್ಧ ಇನ್ನೂ ನಡೆದಿರುವಾಗಲೇ ಆ ಸೈನಿಕರನ್ನು ತಮ್ಮ ಪಡೆಗೆ ಸೇರಿಸಿಕೊಳ್ಳಲು ಶುರುಮಾಡಿದರು. 1947ರಲ್ಲಿ ಹತ್ತು ಗೋರ್ಖಾ ರೆಜಿಮೆಂಟುಗಳಲ್ಲಿ ಆರು ಭಾರತಕ್ಕೆ ಉಳಿದವು, ನಾಲ್ಕು ಬ್ರಿಟನ್ನಿಗೆ ಹೋದವು. ಅಡ್ಡಲಾಗಿ ಇಟ್ಟ ಎರಡು ಖುಕುರಿಗಳ ಲಾಂಛನ ಇಂದಿಗೂ ನಮ್ಮ ಸೇನೆಯಲ್ಲಿದೆ. ಒರೆಯಿಂದ ತೆಗೆದ ಖುಕುರಿ ರಕ್ತ ಕಾಣದೆ ಒರೆಗೆ ಮರಳಬಾರದು ಎಂಬ ಕಥೆಯೂ ಇದರ ಜೊತೆಗೇ ಊರೂರು ಸುತ್ತಿದೆ. ದಾಯಿಗೆ ಅದನ್ನು ಕೇಳಿದರೆ ನಗು. ಅವರ ಮನೆಯಲ್ಲಿ ಅದು ದಿನಕ್ಕೆ ಇಪ್ಪತ್ತು ಸಲ ಒರೆಯಿಂದ ಬಂದದ್ದು ಸೌದೆ ಸೀಳಲು, ಬಿದಿರು ಕಡಿಯಲು, ಕುಂಬಳಕಾಯಿ ಹೆಚ್ಚಲು.

ಸೈನಿಕನಿಗೆ ಪದಕವಿದೆ, ಕಥೆಯಿದೆ. ಕತ್ತಿ ಮಾಡಿದವನಿಗೆ? ನೇಪಾಳದಲ್ಲಿ ಖುಕುರಿ ಮಾಡುವವರು ಕಾಮಿ ಸಮುದಾಯದವರು. 1854ರ ಮುಲುಕಿ ಐನ್ ಎಂಬ ಕಾನೂನು ಅವರನ್ನು ಅಸ್ಪೃಶ್ಯರ ಸಾಲಿನಲ್ಲಿ ಬರೆದಿಟ್ಟಿತು. 1963ರ ಹೊಸ ಕಾನೂನು ಆ ಸಾಲನ್ನು ಅಳಿಸಿತು. ಜಾತಿ ತಾರತಮ್ಯಕ್ಕೆ ಶಿಕ್ಷೆ ವಿಧಿಸುವ ಪ್ರತ್ಯೇಕ ಕಾಯ್ದೆ ಬರಲು 2011ರವರೆಗೆ ಕಾಯಬೇಕಾಯಿತು. ಅವರಲ್ಲಿ ಬಹಳ ಮಂದಿ ಹೆಸರಿನ ಮುಂದೆ ವಿಶ್ವಕರ್ಮ ಎಂದು ಬರೆದುಕೊಳ್ಳುತ್ತಾರೆ. ನಮ್ಮಲ್ಲಿ ಅದೇ ವಿಶ್ವಕರ್ಮನ ಹೆಸರು ಹೇಳುವ ಪಂಚಾಳರು ಜನಿವಾರ ಧರಿಸುತ್ತಾರೆ. ಒಂದೇ ದೇವರು, ಒಂದೇ ಸುತ್ತಿಗೆ, ಬೆಟ್ಟದ ಮೇಲೆ ಒಂದು ಲೆಕ್ಕ, ಬಯಲಿನಲ್ಲಿ ಇನ್ನೊಂದು.

ದಾಯಿ ರಾಯಿ ಸಮುದಾಯದವರು. ಅವರ ತಂದೆ ಈ ಖುಕುರಿಗೆ ದುಡ್ಡು ಕೊಟ್ಟಿರಲಿಲ್ಲ. ಊರಿನ ಕಾಮಿ ವರ್ಷವಿಡೀ ಮನೆಯ ಗುದ್ದಲಿ, ಕುಡುಗೋಲು, ಖುಕುರಿ ನೋಡಿಕೊಳ್ಳಬೇಕು, ಸುಗ್ಗಿಯಲ್ಲಿ ಮನೆಯವರು ಕಾಳು ಅಳೆದುಕೊಡಬೇಕು. ಬಾಲಿ ಘರೇ ಎಂಬ ಪದ್ಧತಿ. ನಮ್ಮ ಹಳ್ಳಿಗಳಲ್ಲಿ ಕಮ್ಮಾರ, ಬಡಗಿಗಳಿಗೆ ಕಣದಲ್ಲಿ ಆಯ ಕೊಡುತ್ತಿದ್ದುದನ್ನು ನಮ್ಮಜ್ಜನ ಬಾಯಲ್ಲಿ ಕೇಳಿದವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. "ಕಾಮಿ ನಮ್ಮ ಅಂಗಳದವರೆಗೆ ಬರುತ್ತಿದ್ದ, ಒಳಗೆ ಬರುತ್ತಿರಲಿಲ್ಲ" ಎಂದು ದಾಯಿ ತಾವಾಗಿ ಹೇಳಿದರು. ನಾನು ಕೇಳಿರಲಿಲ್ಲ. ಅವನು ಮಾಡಿದ ಖುಕುರಿ ಮಾತ್ರ ದೇವರ ಪಕ್ಕದ ಗೂಟದಲ್ಲಿ ತೂಗುತ್ತಿತ್ತು.

ಕಠ್ಮಂಡುವಿನ ಛಾವುನಿಯಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ದ್ರವ್ಯ ಶಾಹನದೆನ್ನುವ ಖುಕುರಿ ಇದೆ. 1559ರಲ್ಲಿ ಗೋರ್ಖಾದ ಗದ್ದುಗೆ ಹಿಡಿದ ರಾಜ ಅವನು. ಹಿಡಿದವನ ಹೆಸರು ಉಳಿಯಿತು. ನನ್ನ ಮೇಜಿನ ಮೇಲಿರುವುದರಲ್ಲಿ ಬೆನ್ನಿನ ಹತ್ತಿರ ಚಾಣದಿಂದ ಹೊಡೆದ ಮೂರು ಚುಕ್ಕೆಗಳಿವೆ, ಅಷ್ಟೇ. ಊರಿನ ಹಿರಿಯರಿಗೆ ತೋರಿಸಿದರೆ ಯಾರ ಆರನ್ ಎಂದು ಹೇಳುತ್ತಾರೆ ಎಂಬುದು ದಾಯಿಯ ಭರವಸೆ.

ಹೊಸ ಹಿಡಿ

ನೇಪಾಳದಲ್ಲಿ ಹಿಡಿಗೆ ಸಿಸೌ ಮರ ಬಳಸುವುದು ವಾಡಿಕೆ. ನಮ್ಮ ಬೀಟೆ ಅದೇ ಕುಲದ್ದು. ಹಸಿ ಬೀಟೆಯ ಗೊಡವೆಗೆ ಹೋಗಬೇಕಿಲ್ಲ. ಹಳೆ ಸಾಮಾನಿನ ಅಂಗಡಿಯಲ್ಲಿ ಮುರಿದ ಮಂಚದ ಕಾಲು ಸಿಕ್ಕಿತು. ಎಷ್ಟೋ ವರ್ಷ ಒಣಗಿದ ಮರ, ಇನ್ನು ಸೊಟ್ಟಗಾಗುವ ಮಾತಿಲ್ಲ. ಬೀಟೆಯ ಪುಡಿ ಮೂಗಿಗೆ, ಚರ್ಮಕ್ಕೆ ಒಳ್ಳೆಯದಲ್ಲ, ಮುಖಗವಸು ಹಾಕಿಕೊಂಡೇ ಗರಗಸ ಹಿಡಿಯಬೇಕು.

ಅಗಲಿಸಿದ ಅಂಚನ್ನು ತಿಕ್ಕಿ ತೆಗೆದದ್ದರಿಂದ ಬಾಲ ಎರಡು ಮಿಲಿಮೀಟರ್ ಗಿಡ್ಡವಾಗಿದೆ. ಮತ್ತೆ ಬಡಿದು ಅಗಲಿಸಲು ಉಕ್ಕು ಹೊರಗೆ ಉಳಿಯಬೇಕಾದರೆ ಹಿಡಿಯನ್ನು ಹಳೆಯದಕ್ಕಿಂತ ನಾಲ್ಕು ಮಿಲಿಮೀಟರ್ ಕಡಿಮೆ ಮಾಡಬೇಕು. ದಾಯಿಯ ಅಂಗೈ ಅಳತೆ ತೆಗೆದುಕೊಂಡೆ, ತೊಂದರೆಯಿಲ್ಲ. ಕೊಂಬಿನ ಹಿಡಿಯನ್ನೇ ಮಾದರಿಯಾಗಿ ಇಟ್ಟುಕೊಂಡು ಮರಕ್ಕೆ ಗೆರೆ ಎಳೆದೆ. ನಡುವೆ ಒಂದು ಉಬ್ಬು ಉಂಗುರ, ಹಿಂದೆ ಅಗಲವಾಗುವ ತುದಿ, ಅಡ್ಡ ಕೊಯ್ದರೆ ಮೊಟ್ಟೆಯಾಕಾರ. ಕೆಲವರಿಗೆ ಆ ಉಂಗುರ ಕೈಗೆ ಒತ್ತುತ್ತದೆ ಎಂಬ ದೂರಿದೆ. ಜೋರಾಗಿ ಬೀಸುವವರಿಗೆ ಗೊತ್ತು, ಹಿಡಿ ಜಾರದಂತೆ ತಡೆಯುವುದು ಅದು ಮತ್ತು ಕಿರುಬೆರಳು ಸಿಕ್ಕಿಕೊಳ್ಳುವ ಆ ಅಗಲ ತುದಿ.

ತೂತನ್ನು ಡ್ರಿಲ್ಲಿನಿಂದ 6 ಮಿಲಿಮೀಟರ್ ಮಾತ್ರ ಕೊರೆದೆ. ಉಳಿದದ್ದು ಬೆಂಕಿಯ ಕೆಲಸ. ಅಲಗಿಗೆ ಕಚ್ಚಿನವರೆಗೂ ಒದ್ದೆ ಬಟ್ಟೆ ಸುತ್ತಿ, ಬಾಲವನ್ನಷ್ಟೇ ಕೆಂಪಗೆ ಕಾಯಿಸಿ, ಮರದೊಳಗೆ ಒತ್ತಿ, ಹೊಗೆ ಬರುತ್ತಿದ್ದಂತೆ ಹೊರಗೆಳೆದು, ಬಟ್ಟೆಗೆ ನೀರು ಹನಿಸಿ, ಮತ್ತೆ ಕಾಯಿಸಬೇಕು. ಒಂದೇ ಸಲಕ್ಕೆ ತಳ್ಳಿದರೆ ಮರ ಸೀಳುತ್ತದೆ. ಇಲ್ಲಿ ಅರದ ಪರೀಕ್ಷೆಯ ಫಲ ಕೈಹಿಡಿಯಿತು. ಗಡಸು ಭಾಗ ಶುರುವಾಗುವುದೇ ಕಚ್ಚಿನಿಂದ ಎರಡೂವರೆ ಇಂಚು ಮುಂದೆ. ಹಿಡಿಯ ಬಳಿ ಅಲಗು ಮೊದಲಿನಿಂದಲೂ ಮೆದು, ಬಾಲದಿಂದ ಕಾವು ಸ್ವಲ್ಪ ತೆವಳಿದರೂ ಅಲ್ಲಿ ಕೆಡುವುದಕ್ಕೆ ಏನೂ ಇಲ್ಲ. ಹಿಡಿ ಬದಲಿಸಬೇಕಾದೀತು ಎಂಬುದು ಕೆಟಲ್ ಹಿಡಿದವನ ಲೆಕ್ಕದಲ್ಲಿ ಇತ್ತೆಂದೇ ನಾನು ನಂಬಿದ್ದೇನೆ. ಪೆಟ್ಟಿನ ಭಾರ ತಡೆಯಲಿ ಎಂಬುದೂ ಕಾರಣವಿರಬಹುದು, ಎರಡಕ್ಕೂ ಜಗಳವಿಲ್ಲ.

ಲಾಹಾದ ಬದಲು ಚನ್ನಪಟ್ಟಣದಿಂದ ತಂದ ಅರಗು, ಬೊಂಬೆಗಳಿಗೆ ಬಣ್ಣ ಹಚ್ಚಲು ಬಳಸುವಂಥದ್ದು, ಆದರೆ ಬಣ್ಣ ಬೆರೆಸದ್ದು. ಅರಗು ಎರಡು ಪಾಲು, ಬಟ್ಟೆಯಲ್ಲಿ ಜರಡಿ ಹಿಡಿದ ಇಟ್ಟಿಗೆ ಪುಡಿ ಒಂದು ಪಾಲು, ಕಡಲೆಕಾಳಿನಷ್ಟು ಜೇನುಮೇಣ. ಇಟ್ಟಿಗೆ ಪುಡಿಯಿಂದ ತಣಿಯುವಾಗ ಕುಗ್ಗುವುದು ಕಡಿಮೆಯಾಗುತ್ತದೆ, ಮೇಣದಿಂದ ಪೆಡಸು ಇಳಿಯುತ್ತದೆ. ಸಣ್ಣ ಉರಿಯಲ್ಲಿ ಸ್ಟೀಲ್ ಲೋಟದೊಳಗೆ ಕಲಕುತ್ತ ಬೆಲ್ಲದ ಎಳೆಪಾಕದ ಹದಕ್ಕೆ ಬಂದ ಕೂಡಲೇ ಇಳಿಸಬೇಕು. ಅರಗನ್ನು ಹೆಚ್ಚು ಹೊತ್ತು ಕಾಯಿಸಿದರೆ ಅದು ರಬ್ಬರಿನ ಗುಣಕ್ಕೆ ತಿರುಗಿ ಮತ್ತೆ ಕರಗುವುದೇ ಇಲ್ಲ. ತೂತಿಗೆ ತುಂಬಿ, ಅರಗು ಕರಗುವಷ್ಟು ಮಾತ್ರ ಬಿಸಿ ಮಾಡಿದ ಬಾಲವನ್ನು ಇಳಿಸಿ, ಹಿಡಿಯ ಬುಡವನ್ನು ಮರದ ಹಲಗೆಗೆ ಕುಟ್ಟಿ ಕೂರಿಸಿದೆ. ಸುತ್ತಲೂ ಉಕ್ಕಿ ಬಂದ ಅರಗು ತಣಿದ ಮೇಲೆ ಚಾಕುವಿನ ಬೆನ್ನಿಗೆ ಸಿಡಿದುಹೋಯಿತು. ಹಳೆಯ ಹಿತ್ತಾಳೆಯ ಬಳೆ, ಮುಚ್ಚಳ, ಬಿಲ್ಲೆ ಎಲ್ಲವೂ ತಂತಮ್ಮ ಜಾಗಕ್ಕೆ ಮರಳಿದವು. ಬಾಲದ ತುದಿಯನ್ನು ಚಿಕ್ಕ ಸುತ್ತಿಗೆಯಿಂದ ಸುತ್ತಲೂ ತಟ್ಟಿ ಅಗಲಿಸಿದೆ.

ಒರಟು ಆಕಾರ ಮೊದಲೇ ಕೆತ್ತಿದ್ದೆ. ಕೂರಿಸಿದ ಮೇಲೆ ಹಿತ್ತಾಳೆಗೂ ಮರಕ್ಕೂ ಬೆರಳಿಗೆ ತಡೆ ಸಿಗದಂತೆ ಉಪ್ಪುಕಾಗದದಲ್ಲಿ ಉಜ್ಜಿ, ಅಗಸೆ ಎಣ್ಣೆ ಕುಡಿಸಿದೆ. ಬೀಟೆಯ ಕಪ್ಪು ಗೆರೆಗಳು ಎದ್ದು ಬಂದವು.

ಬಾಯಿ ಮತ್ತು ಒರೆ

ಖುಕುರಿಯ ಬಾಯಿಯನ್ನು ಚಪ್ಪಟೆ ಸಾಣೆಕಲ್ಲಿಗೆ ಒಡ್ಡಬಾರದು. ಬಾಯಿ ಹಿಡಿಯ ಕಡೆ ಒಳಕ್ಕೆ ಬಾಗಿದೆ, ಹೊಟ್ಟೆಯಲ್ಲಿ ಹೊರಕ್ಕೆ ಉಬ್ಬಿದೆ. ಚಪ್ಪಟೆ ಕಲ್ಲು ಒಳಬಾಗಿಗೆ ತಲುಪುವುದಿಲ್ಲ, ತಲುಪಿದ ಕಡೆ ಬಾಯಿಯ ಉಬ್ಬನ್ನು ತಿಂದುಹಾಕುತ್ತದೆ. ಆ ಉಬ್ಬೇ ಬಾಯಿಗೆ ಬಲ. ಒಂದು ದುಂಡು ಕೋಲಿಗೆ ಹಳೆ ಸೈಕಲ್ ಟ್ಯೂಬು ಸುತ್ತಿ, ಅದರ ಮೇಲೆ ಉಪ್ಪುಕಾಗದ ಸುತ್ತಿ, ಬಾಯಿಯಿಂದ ಹೊರಕ್ಕೆ ಎಳೆಯುತ್ತ ಹೋದೆ. ಮೊದಲು 400ರ ಕಾಗದ, ಆಮೇಲೆ 800, ಕೊನೆಗೆ 1500. ಮುಗಿದ ಮೇಲೆ ಚಕಮಕ್ಕಿನಿಂದ ಬಾಯಿಯ ಎರಡೂ ಕಡೆ ಮೃದುವಾಗಿ ಸವರಿದೆ. ಮಡಚಿದ ಅಂಚನ್ನು ನೇರ ಮಾಡುವುದು ಅದರ ದಿನನಿತ್ಯದ ಕೆಲಸ. ಹಿಂದೆ ಕಲ್ಲಿಗೆ ಹೊಡೆದು ಕಿಡಿ ಎಬ್ಬಿಸುವುದೂ ಅದರಿಂದಲೇ.

ಬಾಯಿಯ ಬುಡದಲ್ಲಿರುವ ಆ ಕಚ್ಚಿನ ಬಗ್ಗೆ ಕೇಳಿದವರಿಗೆ ಕೇಳಿದಷ್ಟು ವಿವರಣೆ. ಹಸುವಿನ ಗೊರಸು, ಶಿವನ ತ್ರಿಶೂಲ, ರಕ್ತ ಹಿಡಿಗೆ ಹರಿಯದಂತೆ ತಡೆ. ನನ್ನ ಮಟ್ಟಿಗೆ ಅದು ಸಾಣೆ ಹಿಡಿಯುವವನಿಗೆ ಗಡಿಕಲ್ಲು. ಅಲ್ಲಿಗೆ ಬಾಯಿ ಮುಗಿಯಿತು, ಮುಂದೆ ಉಜ್ಜಬೇಡ.

ಒರೆ ಎಂದರೆ ಎರಡು ತೆಳು ಮರದ ಹೋಳುಗಳ ಮೇಲೆ ಎಮ್ಮೆ ಚರ್ಮದ ಹೊದಿಕೆ. ಮೇಣ ಹಚ್ಚಿದ ದಾರದಿಂದ ಹಳೆಯ ತೂತುಗಳಲ್ಲೇ ಹೊಲಿದೆ, ಹೇಳುವಂಥದ್ದೇನಿಲ್ಲ. ಒಂದು ಎಚ್ಚರಿಕೆ ಮಾತ್ರ. ಖುಕುರಿಯನ್ನು ಹೊರಗೆಳೆಯುವಾಗ ಒರೆಯನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿಯಬಾರದು. ಹೋಳುಗಳು ಕೂಡುವ ಅಂಚಿನಲ್ಲಿ ಬಾಯಿ ಒರೆಯನ್ನೇ ಕೊಯ್ದು ಬೆರಳಿಗೆ ಬರಬಹುದು. ಬೆನ್ನಿನ ಕಡೆಯಿಂದ, ಬೆರಳುಗಳನ್ನು ಬಾಯಿಯ ಅಂಚಿನಿಂದ ದೂರವಿಟ್ಟು ಹಿಡಿಯಬೇಕು. ದಾಯಿಯ ಕೈ ತಾನಾಗಿಯೇ ಹಾಗೆ ಹಿಡಿಯಿತು, ನಾನು ಬಾಯಿ ಮುಚ್ಚಿಕೊಂಡೆ.

ಪರೀಕ್ಷೆಗೆ ಪಕ್ಕದ ಖಾಲಿ ನಿವೇಶನದ ಒಣ ಬಿದಿರು. ದಾಯಿ ಭುಜ ಎತ್ತದೆ, ಮಣಿಕಟ್ಟಿನಿಂದಲೇ ಬಿಟ್ಟರು. ಮುಂಭಾರದ ಅಲಗು, ಉಳಿದದ್ದನ್ನು ಅದೇ ಮಾಡಿತು. ಓರೆಯಾಗಿ ಒಂದೇ ಪೆಟ್ಟು. ಹಿಡಿಯ ತುದಿಯ ಬಿಲ್ಲೆಯನ್ನು ಹೆಬ್ಬೆರಳಿನಿಂದ ತಿರುಗಿಸಲು ನೋಡಿದರು, ಅಲ್ಲಾಡಲಿಲ್ಲ. "ಬೇರೆ ಊರಿನ ಮರ, ಆದರೂ ಕೈ ಗುರುತು ಹಿಡಿಯುತ್ತದೆ" ಎಂದರು. ಅವರ ಊರಿನಲ್ಲಿ ಅರಗು ಸಿಗುತ್ತದೆ, ಕುದಿಯುವ ನೀರು ಎಲ್ಲೆಡೆ ಇರುತ್ತದೆ. ನನ್ನ ಹಿಡಿ ಯಾರಿಗಾದರೂ ಹಿಡಿಸದಿದ್ದರೆ ಕಾಲು ಗಂಟೆಯಲ್ಲಿ ಬಿಚ್ಚಬಹುದು.

ಕಾರ್ದಾ ಬಾಕಿ ಇದೆ. ಹಳೆಯ ಅರದಿಂದ ನಾನೇ ಒಂದು ಮಾಡಿಕೊಡುತ್ತೇನೆ ಎಂದೆ. ದಾಯಿ ಬೇಡವೆಂದರು, ಊರಿನಲ್ಲಿ ಆರನ್ ಇನ್ನೂ ಇದೆ, ಅಲ್ಲಿಯೇ ಮಾಡಿಸುತ್ತಾರಂತೆ, ಈ ಸಲ ಕಾಳಲ್ಲ, ದುಡ್ಡು ಕೊಟ್ಟು. ಒರೆಯಲ್ಲಿ ಕಾರ್ದಾ ಕೂರುವ ಜಾಗದ ಅಳತೆ ತೆಗೆದು, ಕಾಗದದ ಮೇಲೆ ಆಕಾರ ಬರೆದು ಕೊಟ್ಟಿದ್ದೇನೆ. ಆಳ 95 ಮಿಲಿಮೀಟರ್, ಬಾಯಿಯ ಬಳಿ ಅಗಲ 17, ದಪ್ಪ 4ಕ್ಕಿಂತ ಹೆಚ್ಚಾದರೆ ಕೂರುವುದಿಲ್ಲ.